ಮನೆಯಲ್ಲಿ ಓದಿದ ಇ-ಮೇಲ್ ಊರಿಗೆ ಹೋದಾಗ ಮಾಯ!

ಮನೆಯ ಕಂಪ್ಯೂಟರಿಗೆ ಒಮ್ಮೆ ಇಳಿಸಿಕೊಂಡ ಇ-ಮೇಲ್, ಪ್ರಯಾಣದಲ್ಲಿ ಲ್ಯಾಪ್‌ಟಾಪ್ ತೆರೆದರೆ ಸಿಗುತ್ತಲೇ ಇರಲಿಲ್ಲ! ಕಾರಣ ‘ಪಾಪ್’ ಎಂಬ ಹಳೆಯ ವಿಧಾನ. ಪತ್ರವನ್ನು ಕಂಪ್ಯೂಟರಿಗೆ ತಂದುಕೊಟ್ಟ ಮೇಲೆ ಸರ್ವರ್‌ನಲ್ಲಿದ್ದ ಪ್ರತಿಯನ್ನು ಅದು ಸಾಮಾನ್ಯವಾಗಿ ಅಳಿಸಿಬಿಡುತ್ತಿತ್ತು.

ಅಚ್ಚರಿಯೆಂದರೆ, ಇದಕ್ಕೆ ಮದ್ದು 1986ರಲ್ಲೇ ಸಿಕ್ಕಿತ್ತು. ಆಗಿನ್ನೂ ವರ್ಲ್ಡ್ ವೈಡ್ ವೆಬ್ ಹುಟ್ಟಿರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ‘ಐಮ್ಯಾಪ್’ ಪದ್ಧತಿಯಲ್ಲಿ ಪತ್ರ ಸರ್ವರ್‌ನಲ್ಲೇ ಉಳಿಯುತ್ತದೆ. ಓದಿದ ಗುರುತೂ ಅಲ್ಲೇ ದಾಖಲು. ಹೊಳಲಿನ ಮನೆಯಲ್ಲಿ ಓದಿದ ಪತ್ರ ಹಡಗಲಿ ಬಸ್ಸಿನಲ್ಲಿ ಮೊಬೈಲ್ ತೆರೆದರೂ ‘ಓದಿದ್ದು’ ಎಂದೇ ಕಾಣುವ ಏರ್ಪಾಡಿನ ಮೂಲ ಇದೇ.

ಸ್ವಂತ ಕಂಪ್ಯೂಟರೇ ಇಲ್ಲದವರಿಗೆ? ಅವರಿಗೆ ದಾರಿ ತೆರೆದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಒಬ್ಬರು. ಕಚೇರಿಯಲ್ಲಿ ತಮ್ಮ ಖಾಸಗಿ ಪತ್ರ ನೋಡಲಾಗದೆ ಪರದಾಡಿದ ಅವರು, ಗೆಳೆಯ ಜಾಕ್ ಸ್ಮಿತ್ ಜತೆ ಬ್ರೌಸರ್‌ನಲ್ಲೇ ಓದಬಹುದಾದ ‘ಹಾಟ್‌ಮೇಲ್’ ಕಟ್ಟಿದರು. 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಅದು ಶುರುವಾಯಿತು. ಮರುವರ್ಷವೇ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು.

ಈಗಲೂ ಪಾಪ್ ಬಳಸುತ್ತಿದ್ದೀರಾ? ಸೆಟ್ಟಿಂಗ್ಸ್‌ನಲ್ಲಿ ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂಬ ಆಯ್ಕೆಗೆ ಇಂದೇ ಗುರುತು ಹಾಕಿ.