ಪ್ರೋಗ್ರಾಮನ್ನು ಫಂಕ್ಷನ್‌ಗಳಾಗಿ ವಿಭಜಿಸುವಿಕೆ

ಒಂದೇ ಉದ್ದನೆಯ ಸೂಚನಾ ಸರಣಿಯಾಗಿರುವ ಕಂಪ್ಯೂಟರ್ ಪ್ರೋಗ್ರಾಮನ್ನು, ತಲಾ ಒಂದು ಕೆಲಸ ಮಾಡುವ ಹೆಸರುಳ್ಳ ಭಾಗಗಳಾಗಿ ಬರೆಯುವ ಕ್ರಮಕ್ಕೆ ಫಂಕ್ಷನ್‌ಗಳಾಗಿ ವಿಭಜಿಸುವಿಕೆ ಎನ್ನುತ್ತಾರೆ. ಒಂದು ಮೆಟ್ರೊ ನಿಲ್ದಾಣದಿಂದ ಇನ್ನೊಂದು ಎಷ್ಟನೆಯದೆಂದು ತಿಳಿಸುವ ಪ್ರೋಗ್ರಾಮಿನಲ್ಲಿ ಹೆಸರುಗಳನ್ನು ಪಡೆಯುವುದು, ಎಣಿಸುವುದು, ಉತ್ತರವನ್ನು ಮುದ್ರಿಸುವುದು ಬೇರೆ ಬೇರೆ ಕೆಲಸಗಳು.

ನಮ್ಮ ಮೆಟ್ರೊದ ನೇರಳೆ ಮಾರ್ಗವು 2021ರ ಆಗಸ್ಟ್‌ನಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಗೂ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ವಿಸ್ತರಿಸಿತು. ನಿಲ್ದಾಣಗಳ ಪಟ್ಟಿಯನ್ನು ಹಲವು ಕಡೆ ಬರೆದಿದ್ದರೆ ಎಲ್ಲವನ್ನೂ ತಿದ್ದಬೇಕು. ಒಂದನ್ನು ಮರೆತರೂ ಪ್ರೋಗ್ರಾಂ ಚಲ್ಲಘಟ್ಟವೆಂಬ ನಿಲ್ದಾಣವೇ ಇಲ್ಲ ಎನ್ನಬಹುದು. ಪಟ್ಟಿಯನ್ನು ಕೊಡುವ ಫಂಕ್ಷನ್ ಪ್ರತ್ಯೇಕವಾಗಿದ್ದರೆ ಅಲ್ಲಿ ಒಂದು ಹೆಸರು ಸೇರಿಸಿದರೆ ಸಾಕು.

ಎಣಿಸುವ ಫಂಕ್ಷನ್ ಉತ್ತರವನ್ನು ತಾನೇ ಮುದ್ರಿಸದೆ ಹಿಂದಿರುಗಿಸಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಪರದೆಯ ಮೇಲೆ ಮುದ್ರಿಸಿ ಬಿಟ್ಟ ಸಂಖ್ಯೆಯನ್ನು ಮತ್ತೊಂದು ಫಂಕ್ಷನ್ ಬಳಸಲಾರದು. ಹಿಂದಿರುಗಿಸಿದರೆ ಪರೀಕ್ಷೆಯೂ ಸುಲಭ. ಮೈಸೂರು ರಸ್ತೆ, ಕೆಂಗೇರಿ ಎಂಬ ಹೆಸರುಗಳನ್ನು ಕೊಟ್ಟಾಗ 6 ಬರಬೇಕು.