ಥಿಯೇಟರಿನೊಳಗಿನ ಸಪ್ಪೆ ಕೆಲಸ

ನರ್ಸಿಂಗ್ ಮುಗಿಸಿದವರಿಗೆ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಪೋಸ್ಟಿಂಗ್ ಸಿಕ್ಕಿತೆಂದರೆ ಮನೆಮಂದಿಗೆಲ್ಲ ಹೆಮ್ಮೆ. ಸರ್ಜನ್ ಕೈ ಚಾಚಿದೊಡನೆ ಕತ್ತರಿ ಕೊಡುವ ಕೆಲಸ ಎಂದು ಅವರ ಎಣಿಕೆ. ಆದರೆ ಮೊದಲ ತಿಂಗಳುಗಳು ಕಳೆಯುವುದು ಬಟ್ಟೆ ಮಡಿಸುವುದರಲ್ಲಿ. ಗೌನು, ರೋಗಿಗೆ ಹೊದಿಸುವ ಡ್ರೇಪ್ ಮಡಿಸಿ ಡ್ರಮ್ಮಿಗೆ ತುಂಬಬೇಕು, ಗಾಜ್ ಬಟ್ಟೆ ಕತ್ತರಿಸಿ ಕಟ್ಟಬೇಕು, ಹೊಲಿಗೆ ದಾರದ ಪೊಟ್ಟಣಗಳ ಎಕ್ಸ್‌ಪೈರಿ ನೋಡಬೇಕು, ಬೆಳಗ್ಗೆ ಬಂದೊಡನೆ ಥಿಯೇಟರಿನ ಉಷ್ಣಾಂಶ, ತೇವಾಂಶ ಬರೆದಿಡಬೇಕು. ಶಸ್ತ್ರಚಿಕಿತ್ಸೆ ನಡೆಯುವಾಗ ಒಳಗಿದ್ದರೂ ಟೇಬಲ್ಲಿನಿಂದ ದೂರ, ಕೇಳಿದ್ದನ್ನು ತಂದುಕೊಡುವ ಫ್ಲೋರ್ ನರ್ಸ್. ಕೈ ತೊಳೆದು ಗೌನು ತೊಟ್ಟು ಟೇಬಲ್ಲಿಗೆ ನಿಲ್ಲುವ, ಅಂದರೆ ಸ್ಕ್ರಬ್ ಆಗುವ ಸರದಿ ಸೀನಿಯರ್‌ಗಳದು.

ಕೇರಳದ ವಯನಾಡಿನಂಥ ಜಿಲ್ಲೆಯಲ್ಲಿ ಈ ಸಪ್ಪೆತನ ಇನ್ನಷ್ಟು ಎದ್ದು ಕಾಣುತ್ತದೆ. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆ ಸರ್ಕಾರಿ ಮೆಡಿಕಲ್ ಕಾಲೇಜಾದದ್ದೇ 2021ರಲ್ಲಿ. ಕಷ್ಟದ ಕೇಸುಗಳು ತಾಮರಶ್ಶೇರಿ ಘಾಟಿಯ 9 ತಿರುವು ಇಳಿದು ಕೋಳಿಕ್ಕೋಡಿಗೆ ಹೋಗುವುದು ಹಳೆಯ ರೂಢಿ. ಸಣ್ಣ ಆಸ್ಪತ್ರೆಗಳಿಗೆ ಉಳಿಯುವುದು ಸಿಸೇರಿಯನ್, ಹರ್ನಿಯಾ, ಅಪೆಂಡಿಕ್ಸ್, ಕಣ್ಣಿನ ಪೊರೆಯ ಸಾಲು. ಕೇರಳದಿಂದ ಬಂದು ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜುಗಳಲ್ಲಿ ನರ್ಸಿಂಗ್ ಓದುವವರು ಬಹಳ. ನಗರದ ದೊಡ್ಡ ಥಿಯೇಟರ್ ಕಂಡು ಊರಿಗೆ ಮರಳಿದವರಿಗೆ ಇಲ್ಲಿ ಕಲಿಯುವುದೇನೂ ಇಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕಲಿಯುವುದು ಇದೆ, ಅದೂ ಈ ಜಿಲ್ಲೆಗೇ ವಿಶೇಷವಾದದ್ದು. ವಯನಾಡಿನ ಪಣಿಯ, ಕುರುಮ ಮೊದಲಾದ ಬುಡಕಟ್ಟುಗಳಲ್ಲೂ ವಯನಾಡನ್ ಚೆಟ್ಟಿ ಸಮುದಾಯದಲ್ಲೂ ಸಿಕಲ್ ಸೆಲ್ ರೋಗ ಇದೆ. ಮುಟ್ಟಿಲ್‌ನ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್ನಿನ ಡಾ. ಧನಂಜಯ ಸಗ್ದೇವ್ ದಶಕಗಳ ಕಾಲ ಇದರ ಬೆನ್ನು ಹತ್ತಿ ಕೆಲಸ ಮಾಡಿದವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ರೋಗದಲ್ಲಿ ಆಮ್ಲಜನಕ ಕಡಿಮೆಯಾದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೈ ತಣ್ಣಗಾಗುವುದು, ದೇಹದ ನೀರು ಆರುವುದು ಇದಕ್ಕೆ ಇಂಬು ಕೊಡುತ್ತವೆ. ಥಿಯೇಟರಿನ ಏಸಿಯ ತಂಪು, ಉಪವಾಸದ ಹೊಟ್ಟೆ, ಅರಿವಳಿಕೆ, ಎಲ್ಲವೂ ಇಂಥ ರೋಗಿಗೆ ಪ್ರತಿಕೂಲ. ಆಗ ಯಾರಿಗೂ ಬೇಡವಾದ ಕೆಲಸಗಳೇ ಮುಂದೆ ಬರುತ್ತವೆ: ಸಿಕ್ಲಿಂಗ್ ಟೆಸ್ಟಿನ ಚೀಟಿ ಫೈಲಿನಲ್ಲಿದೆಯೇ ನೋಡುವುದು, ಡ್ರಿಪ್ ಬೆಚ್ಚಗಿಡುವುದು, ಕಂಬಳಿ ಹೊದಿಸುವುದು, ಕೈಕಾಲಿನ ಶಸ್ತ್ರಚಿಕಿತ್ಸೆಯಾದರೆ ರಕ್ತ ತಡೆಯುವ ಟೂರ್ನಿಕೆಟ್ ಕಟ್ಟುವ ಮುನ್ನ ಸರ್ಜನ್‌ಗೆ ನೆನಪಿಸುವುದು. ಬೆಳಗ್ಗೆ ಬರೆದಿಟ್ಟ ಉಷ್ಣಾಂಶದ ಅಂಕಿಗೆ ಇಲ್ಲಿ ಒಬ್ಬ ರೋಗಿಯ ಮುಖ ಬರುತ್ತದೆ.

ಬಟ್ಟೆ ಮಡಿಸುವುದಕ್ಕೂ ಲೆಕ್ಕ ಇದೆ. ಡ್ರಮ್ಮಿಗೆ ಗೌನು ತುರುಕಿ ತುಂಬಿದರೆ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ 121 ಡಿಗ್ರಿ ಆವಿ ಮಡಿಕೆಯ ನಡುವಿಗೆ ಇಳಿಯುವುದಿಲ್ಲ. ಡ್ರಮ್ಮಿನ ಹೊರಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾದರೆ ಅದು ಆಟೋಕ್ಲೇವಿನೊಳಗೆ ಹೋಗಿಬಂದಿದೆ ಎಂದಷ್ಟೇ ಅರ್ಥ. ಒಳಗೆ ಏನಾಗಿದೆ ಎಂದು ಹೇಳುವುದು ಬಟ್ಟೆಗಳ ನಡುವೆ ಇಟ್ಟ ಸೂಚಕ ಪಟ್ಟಿ. ಹೊಸಬರು ಟೇಪ್ ನೋಡಿ ಬಿಡುತ್ತಾರೆ, ಪಟ್ಟಿಯನ್ನು ಮರೆಯುತ್ತಾರೆ. ಹಾಗೆ ಮಾಡು ಎನ್ನುವ ಸೀನಿಯರ್‌ಗಳು ಎಲ್ಲೆಡೆ ಇದ್ದಾರೆ, ಯಾಕೆ ಎಂದು ಹೇಳುವವರು ಕಡಿಮೆ. ಬೇಸರದ ಅರ್ಧ ಪಾಲು ಹುಟ್ಟುವುದು ಅಲ್ಲೇ.

ಇನ್ನು ಮಾಪ್ ಕೌಂಟ್. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಒರೆಸುವ ದಪ್ಪ ಬಟ್ಟೆಯೇ ಮಾಪ್. ಸಾಮಾನ್ಯವಾಗಿ ಐದೈದರ ಕಟ್ಟು. ರಕ್ತದಲ್ಲಿ ನೆಂದರೆ ಅದಕ್ಕೂ ಹೆಪ್ಪುಗಟ್ಟಿದ ರಕ್ತಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಬಕೆಟ್ಟಿಗೆ ಬಿದ್ದದ್ದನ್ನು ಫ್ಲೋರ್ ನರ್ಸ್ ಚಿಮಟದಿಂದ ಎತ್ತಿ, ಒಂದೊಂದನ್ನೇ ಬಿಡಿಸಿ ಐದೈದಾಗಿ ಸಾಲು ಹಾಸಬೇಕು. ಹೊಟ್ಟೆ ಮುಚ್ಚುವ ಮುನ್ನ ಸ್ಕ್ರಬ್ ನರ್ಸ್ ಟೇಬಲ್ಲಿನ ಮೇಲಿನದನ್ನೂ ಫ್ಲೋರ್ ನರ್ಸ್ ಕೆಳಗಿನದನ್ನೂ ಜೋರಾಗಿ ಎಣಿಸಿ, ಬೋರ್ಡಿನ ಲೆಕ್ಕಕ್ಕೆ ತಾಳೆ ಹಾಕುತ್ತಾರೆ. ಒಂದು ಕಡಿಮೆ ಬಂತೋ, ಕೈ ನಿಲ್ಲುತ್ತದೆ. ಬಕೆಟ್, ಟೇಬಲ್ಲಿನಡಿ, ಡ್ರೇಪಿನ ಮಡಿಕೆ ಎಲ್ಲ ಜಾಲಾಡಿ, ಸಿಗದಿದ್ದರೆ ಎಕ್ಸ್‌ರೇ. ಅದಕ್ಕೆಂದೇ ಮಾಪಿನಲ್ಲಿ ಎಕ್ಸ್‌ರೇಗೆ ಕಾಣುವ ಎಳೆ ಹೆಣೆದಿರುತ್ತಾರೆ. ಆ ಹೊತ್ತಿನಲ್ಲಿ ಕೆಲಸಕ್ಕೆ ಸೇರಿ ವಾರವಾದ ನರ್ಸ್ ‘ಕೌಂಟ್ ಸರಿಯಿಲ್ಲ ಸರ್’ ಅಂದರೂ ಮೂವತ್ತು ವರ್ಷ ಅನುಭವದ ಸರ್ಜನ್ ಕಾಯಲೇಬೇಕು.

ಎಣಿಕೆ ತಪ್ಪಿದರೆ ಏನಾದೀತು ಎಂಬುದನ್ನು ಕೇರಳದವರಿಗೆ ಬಿಡಿಸಿ ಹೇಳಬೇಕಿಲ್ಲ. 2017ರಲ್ಲಿ ಸಿಸೇರಿಯನ್ ಆಗಿದ್ದ ಮಹಿಳೆಯೊಬ್ಬರ ಹೊಟ್ಟೆಯಿಂದ 2022ರಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಹೊರತೆಗೆದದ್ದು ರಾಜ್ಯವಿಡೀ ಸುದ್ದಿಯಾಯಿತು. ಪೊಲೀಸರು ವೈದ್ಯರ ಜೊತೆಗೆ ನರ್ಸ್‌ಗಳನ್ನೂ ಆರೋಪಿಗಳನ್ನಾಗಿ ಮಾಡಿದರು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜಿಕಲ್ ಚೆಕ್‌ಲಿಸ್ಟ್ ಕೂಡ ಇಂಥದೇ ನೀರಸ ಕಾಗದ: ರೋಗಿಯ ಹೆಸರೇನು, ಯಾವ ಬದಿ, ಅಲರ್ಜಿ ಇದೆಯೇ, ಎಣಿಕೆ ಮುಗಿಯಿತೇ. ನವದೆಹಲಿಯದೂ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ 0.8ಕ್ಕೆ ಇಳಿದಿತ್ತು.

ಹಾಗೆಂದು ದಿನವಿಡೀ ಗಾಜ್ ಕತ್ತರಿಸುವುದು ಹಿತವಾಗಿಬಿಡುವುದಿಲ್ಲ. ಜಾಣರು ಮಾಡುವುದು ಇಷ್ಟು: ಟ್ರೇ ಜೋಡಿಸುವಾಗಲೇ ಬಾಬ್‌ಕಾಕ್, ಆಲಿಸ್, ಕೋಕರ್ ಚಿಮಟಗಳ ಹೆಸರುಗಳನ್ನು ಕೈಗೇ ಕಲಿಸುತ್ತಾರೆ. ಯಾವ ಸರ್ಜನ್‌ಗೆ ಯಾವ ಅಳತೆಯ ಗ್ಲೌಸ್, ಯಾವ ದಾರ ಎಂದು ಕಿರುಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಫ್ಲೋರಿನಲ್ಲಿ ನಿಂತೇ ಮುಂದೆ ಏನು ಕೇಳುತ್ತಾರೆಂದು ಮನಸ್ಸಿನಲ್ಲಿ ಊಹಿಸಿ ನೋಡುತ್ತಾರೆ. ಕನ್ನಡ ಬಲ್ಲವರಿಗೆ ಇನ್ನೊಂದು ಅನುಕೂಲ. ವಯನಾಡಿನ ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಹತ್ತಿರ. ಮೈಸೂರಿನಲ್ಲಿ ಓದಿ ಬಂದ ನರ್ಸ್ ಹೆದರಿದ ರೋಗಿಯ ತಲೆದೆಸೆಯಲ್ಲಿ ನಿಂತು ನಾಲ್ಕು ಮಾತಾಡಿದರೆ ಅರಿವಳಿಕೆ ತಜ್ಞರ ಅರ್ಧ ಕೆಲಸ ಹಗುರ.

ಆದರೆ ಒಂದು ಮಾತು ಆಸ್ಪತ್ರೆಗಳಿಗೂ ಹೇಳಬೇಕು. ಕೆಳಗಿನ ಕೆಲಸ ಕಲಿಕೆಯ ಭಾಗ ಎನ್ನುವುದು ಬೇರೆ, ಜನ ಸಾಲದೆಂದು ಹೊಸಬರನ್ನು ವರ್ಷಗಟ್ಟಲೆ ಸ್ಟೋರಿನಲ್ಲಿ ಕೂರಿಸುವುದು ಬೇರೆ. ಎರಡನೆಯದನ್ನು ತಾಳ್ಮೆಯ ಪಾಠವೆಂದು ಕರೆಯುವುದು ಅನ್ಯಾಯ. ಯಾವ ತಿಂಗಳು ಯಾವ ಟೇಬಲ್, ಎಷ್ಟು ಕೇಸಿಗೆ ಸ್ಕ್ರಬ್ ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಇನ್‌ಚಾರ್ಜ್ ಸಿಸ್ಟರ್ ಸಹಿ ಕೇಳುವುದು ಉದ್ಧಟತನವಲ್ಲ.

ಈ ವಿಭಾಗದಲ್ಲೇ ಮುಂದುವರಿಯುವವರಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಒಂದು ವರ್ಷದ ಆಪರೇಷನ್ ರೂಮ್ ನರ್ಸಿಂಗ್ ಡಿಪ್ಲೊಮಾ ಇಟ್ಟಿದೆ. ಅದರ ಪೋಸ್ಟಿಂಗ್ ಪಟ್ಟಿಯಲ್ಲಿ ನರರೋಗ, ಹೃದ್ರೋಗ ಥಿಯೇಟರುಗಳ ಜೊತೆಗೆ ಡ್ರಮ್ಮು, ಆಟೋಕ್ಲೇವುಗಳ ಕ್ರಿಮಿಶುದ್ಧಿ ವಿಭಾಗವಾದ ಸಿಎಸ್‌ಎಸ್‌ಡಿಯೂ ಇದೆ.