ಡಿಫ್ತೀರಿಯಾ ವಿಷ

ಡಿಫ್ತೀರಿಯಾ ವಿಷವು ಗಂಟಲಮಾರಿ ರೋಗವನ್ನುಂಟುಮಾಡುವ ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೆ ಎಂಬ ಬ್ಯಾಕ್ಟೀರಿಯಾ ಸ್ರವಿಸುವ ಪ್ರೋಟೀನು. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಗಂಟಲು, ಮೂಗುಗಳಲ್ಲೇ ಉಳಿಯುತ್ತದೆ. ವಿಷವು ರಕ್ತದ ಮೂಲಕ ಹರಡಿ ಹೃದಯ, ನರ ಹಾಗೂ ಮೂತ್ರಪಿಂಡಗಳಿಗೆ ಹಾನಿಮಾಡುತ್ತದೆ. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವೂ ಪ್ರಾಣಿಗಳನ್ನು ಕೊಲ್ಲುವುದೆಂದು 1888ರಲ್ಲಿ ಪ್ಯಾರಿಸಿನ ಎಮಿಲ್ ರೂ ಮತ್ತು ಅಲೆಕ್ಸಾಂಡ್ರ್ ಯೆರ್ಸಿನ್ ತೋರಿಸಿದರು.

ಜೀವಕೋಶಗಳ ಆಯ್ಕೆ

ವಿಷದಲ್ಲಿ ಎ ಮತ್ತು ಬಿ ಎಂಬ ಎರಡು ಭಾಗಗಳಿವೆ. ಯಾವ ಕೋಶಕ್ಕೆ ಹಾನಿಯಾಗಬೇಕೆಂಬುದನ್ನು ನಿರ್ಧರಿಸುವುದು ಬಿ ಭಾಗ. ಅದು ಕೋಶದ ಮೇಲ್ಮೈಯಲ್ಲಿರುವ ಒಂದು ನಿರ್ದಿಷ್ಟ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಗ್ರಾಹಕವು ಕೋಶಗಳ ಬೆಳವಣಿಗೆಗೆ ನೆರವಾಗುವ ಅಂಶವೊಂದರ ಪೂರ್ವರೂಪವಾಗಿದ್ದು, ಹೃದಯಸ್ನಾಯುವಿನಲ್ಲಿ ಹೇರಳವಾಗಿದೆ. ಇಲಿ, ಹೆಗ್ಗಣಗಳಲ್ಲಿಯೂ ಇದೇ ಪ್ರೋಟೀನು ಇದೆಯಾದರೂ ಅದರ ರಚನೆ ತುಸು ಭಿನ್ನವಾದ್ದರಿಂದ ವಿಷವು ಅಂಟಿಕೊಳ್ಳಲಾರದು. ಆದ್ದರಿಂದ ಆ ಪ್ರಾಣಿಗಳು ವಿಷವನ್ನು ತಡೆದುಕೊಳ್ಳುತ್ತವೆ.

ಅಂಟಿಕೊಂಡ ವಿಷವನ್ನು ಕೋಶವು ಚೀಲದಂತಹ ಪೊರೆಯಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗಿನ ಆಮ್ಲೀಯತೆಯಿಂದ ಬಿ ಭಾಗದ ಆಕಾರ ಬದಲಾಗಿ, ಎ ಭಾಗವು ಕೋಶರಸಕ್ಕೆ ದಾಟುತ್ತದೆ. ಅಲ್ಲಿ ಅದು ಪ್ರೋಟೀನು ತಯಾರಿಕೆಗೆ ಅಗತ್ಯವಾದ ಇಎಫ್-2 ಎಂಬ ಅಂಶವನ್ನು ನಿಷ್ಕ್ರಿಯಗೊಳಿಸುತ್ತದೆ. ಎ ಭಾಗದ ಒಂದೇ ಅಣು ಒಂದು ಕೋಶವನ್ನು ಕೊಲ್ಲಲು ಸಾಕು.

ಇತರ ವಿಷಗಳು

ಇತರ ಬ್ಯಾಕ್ಟೀರಿಯಾಗಳ ವಿಷಗಳೂ ತಮ್ಮದೇ ಗ್ರಾಹಕಗಳನ್ನು ಅವಲಂಬಿಸಿವೆ. ಕಾಲರಾ ವಿಷವು ಕರುಳಿನ ಒಳಪದರದ ಕೋಶಗಳಲ್ಲಿರುವ ಜಿಎಂ1 ಎಂಬ ಕೊಬ್ಬುಸಂಯುಕ್ತಕ್ಕೆ ಅಂಟಿ, ನೀರಿನಂತಹ ಭೇದಿಯನ್ನುಂಟುಮಾಡುತ್ತದೆ. ಧನುರ್ವಾಯುವಿನ ವಿಷವು ನರಕೋಶಗಳ ಮೂಲಕ ಬೆನ್ನುಹುರಿಯನ್ನು ತಲುಪಿ, ಸ್ನಾಯುಗಳನ್ನು ಸಡಿಲಿಸುವ ಸಂದೇಶಗಳನ್ನು ತಡೆಯುತ್ತದೆ.

ಚಿಕಿತ್ಸೆ ಮತ್ತು ತಡೆಗಟ್ಟುವಿಕೆ

ಪ್ರತಿವಿಷವು ಇನ್ನೂ ಕೋಶವನ್ನು ಪ್ರವೇಶಿಸದ ವಿಷವನ್ನು ಮಾತ್ರ ನಿಷ್ಫಲಗೊಳಿಸಬಲ್ಲದು, ಒಳಹೊಕ್ಕಿದ್ದನ್ನು ಹಿಂತೆಗೆಯಲಾರದು. ಆದ್ದರಿಂದ ಗಂಟಲಮಾರಿಯ ಶಂಕೆ ಬಂದೊಡನೆ, ಪ್ರಯೋಗಾಲಯದ ವರದಿಗೆ ಕಾಯದೆ ಪ್ರತಿವಿಷ ನೀಡಲಾಗುತ್ತದೆ. ಲಸಿಕೆಯು ವಿಷವು ಗ್ರಾಹಕವನ್ನು ತಲುಪುವ ಮೊದಲೇ ಅದನ್ನು ತಡೆಯುವ ಪ್ರತಿಕಾಯಗಳನ್ನು ಬೆಳೆಸುತ್ತದೆ. ಭಾರತದಲ್ಲಿ 6, 10 ಮತ್ತು 14 ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ, 16–24 ತಿಂಗಳಲ್ಲಿ ಹಾಗೂ 5–6 ವರ್ಷದಲ್ಲಿ ಡಿಪಿಟಿ ವರ್ಧಕ, 10 ಮತ್ತು 16 ವರ್ಷಗಳಲ್ಲಿ ಟಿಡಿ ಲಸಿಕೆ ನೀಡಲಾಗುತ್ತದೆ.

ಉತ್ತರ ಕರ್ನಾಟಕದಲ್ಲಿ

ವಿಜಯಪುರವೂ ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಗಂಟಲಮಾರಿ ಇನ್ನೂ ಕಾಣಿಸಿಕೊಳ್ಳುತ್ತಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳಿಂದ ಕೂಲಿಗಾಗಿ ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ವರ್ಧಕ ಲಸಿಕೆ ತಪ್ಪುವ ಸಂಭವ ಹೆಚ್ಚು. ಶೈಶವದ ಲಸಿಕೆಯಿಂದ ಬಂದ ರಕ್ಷಣೆ ಕಾಲಕ್ರಮೇಣ ಕುಂದುವುದರಿಂದ, ವರ್ಧಕ ತಪ್ಪಿದ ಶಾಲಾ ವಯಸ್ಸಿನ ಮಕ್ಕಳೂ ರೋಗಕ್ಕೆ ತುತ್ತಾಗಬಹುದು. ತಪ್ಪಿದ ಲಸಿಕೆಯನ್ನು ಹೋದ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ ಉಚಿತವಾಗಿ ಪಡೆಯಬಹುದು.